ಈ ಸಲ ತೋಡಿನ ಬದಿಯಲ್ಲೇ ಕೂರೋಣ

ಕಳೆದ ವರ್ಷ ನಾವು ಮಾಡಿದ ಸಭೆ ನೆನೆದರೆ ಈಗಲೂ ನಾಚಿಕೆ. ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ನಮ್ಮೂರಲ್ಲಿ ಬ್ಯಾನರ್ ಕಟ್ಟಿ, ಮೈಕ್ ಇಟ್ಟು, ನಾಲ್ಕು ಜನರಿಂದ ಭಾಷಣ ಮಾಡಿಸಿದೆವು. ಎಂಡೋಸಲ್ಫಾನ್, ಅಡಿಕೆ ಧಾರಣೆ, ಬೋರ್‌ವೆಲ್, ಪ್ಲಾಸ್ಟಿಕ್, ಎಲ್ಲವೂ ಎರಡು ಗಂಟೆಯಲ್ಲಿ! ಐದು ಗಂಟೆಗೆ ಹೆಂಗಸರೆಲ್ಲ ಎದ್ದು ಹೋದರು. ದನ ಕರೆಯುವ ಹೊತ್ತು. ಮೊದಲು ಎದ್ದದ್ದು ನಮ್ಮಮ್ಮನೇ.

ಈ ಸಲ ಒಂದೇ ವಿಷಯ. ನಮ್ಮೂರ ತೋಡಿಗೆ, ಅಂದರೆ ಹಳ್ಳಕ್ಕೆ, ಮತ್ತೆ ಕಟ್ಟ ಹಾಕುವುದಾ, ಬೇಡ್ವಾ?

ಮಳೆ ನಿಂತು ತೋಡಿನ ಸೆಳೆತ ಇಳಿದ ಮೇಲೆ, ನವೆಂಬರ್-ಡಿಸೆಂಬರ್ ಹೊತ್ತಿಗೆ, ಕಲ್ಲು ಮಣ್ಣು ಸೇರಿಸಿ ಹಾಕುವ ಒಡ್ಡೇ ಕಟ್ಟ. ಮುಂದಿನ ಮಳೆಗೆ ಕೊಚ್ಚಿಹೋಗುತ್ತದೆ, ಮತ್ತೆ ಕಟ್ಟಬೇಕು. ನಿಂತ ನೀರು ಎರಡೂ ದಡಕ್ಕೆ ಇಂಗಿ ಬೇಸಗೆಯಲ್ಲಿ ಬಾವಿಗೆ ಬರುತ್ತದೆ. ನಮ್ಮ ಜಿಲ್ಲೆಯದೇ ಏತಡ್ಕದ ಕಟ್ಟಗಳ ಬಗ್ಗೆ ನೀವು ಕೇಳಿರಬಹುದು. ನಮ್ಮಲ್ಲಿ ಬೋರ್‌ವೆಲ್ ಬಂದ ಮೇಲೆ ನಿಂತುಹೋಯಿತು. ಸುಮ್ನೆ ಜನರನ್ನು ಬೈದು ಪ್ರಯೋಜನವಿಲ್ಲ, ಆಳಿನ ಸಂಬಳ ಈಗ ಎಷ್ಟಾಗಿದೆ ನೋಡಿ.

ನಿಜವಾದ ಜಗಳ ಇರುವುದು ಖರ್ಚಿನಲ್ಲಿ. ತೋಡಿನ ಪಕ್ಕದ ತೋಟದವರಿಗೆ ಲಾಭ ಜಾಸ್ತಿ. ಗುಡ್ಡೆಯ ಮೇಲಿನವರಿಗೆ ಇರುವುದು ಸುರಂಗದ ನೀರು, ಅಂದರೆ ಗುಡ್ಡೆಯೊಳಕ್ಕೆ ಅಡ್ಡಲಾಗಿ ಕೊರೆದ ದಾರಿಯಲ್ಲಿ ಒಸರಿ ಬರುವ ನೀರು. ಕಟ್ಟದ ನೀರು ಗುಡ್ಡ ಹತ್ತುವುದಿಲ್ಲ ಅಲ್ವಾ? ಅವರೇಕೆ ಆಳು ಕೊಡಬೇಕು? ನನ್ನ ಲೆಕ್ಕ ಹೀಗೆ: ಅವರು ಕಟ್ಟಕ್ಕೆ ಬರಲಿ, ನಾವು ಅವರ ಸುರಂಗದ ಮೇಲಿನ ಗುಡ್ಡೆಯಲ್ಲಿ ಇಂಗುಗುಂಡಿ ತೋಡಿಕೊಡೋಣ. ಗುಡ್ಡೆ ಕುಡಿದ ನೀರೇ ತಾನೇ ಸುರಂಗದಲ್ಲಿ ಒಸರುವುದು. ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ಒಪ್ಪದಿದ್ದರೆ ಅಲ್ಲೇ ಜಗಳ ಆಡಲಿ, ಮನೆಗೆ ಹೋಗಿ ಆಡುವುದಕ್ಕಿಂತ ವಾಸಿ.

ದಿನ, ದೀಪಾವಳಿಗೆ ಮೊದಲಿನ ಭಾನುವಾರ, ಬೆಳಿಗ್ಗೆ ಹತ್ತಕ್ಕೆ. ಆಮೇಲೆ ಭೂತದ ಕೋಲ, ಯಕ್ಷಗಾನದ ಆಟ ಶುರುವಾದರೆ ಯಾರೂ ಸಿಗುವುದಿಲ್ಲ. ಜಾಗ, ಹಳೆ ಕಟ್ಟ ಇದ್ದಲ್ಲಿ. ಅದು ಎಲ್ಲಿತ್ತು ಅಂತ ಆಚೆಮನೆ ಅಜ್ಜನನ್ನು ಕೇಳಿದೆ. ಕೋಲು ಹಿಡಿದು ತೋಡಿಗೇ ಇಳಿದು, ಪಾಚಿ ಹಿಡಿದ ಕಲ್ಲಿನ ಸಾಲನ್ನು ತೋರಿಸಿಬಿಟ್ಟರು. ಎಷ್ಟು ಸಲ ಆ ದಾರಿಯಲ್ಲೇ ಹೋಗಿದ್ದೇನೋ ನಾನು!

ಮೈಕ್ ಇಲ್ಲ, ಸ್ವಾಗತ ಭಾಷಣ ಇಲ್ಲ. ನೋಟಿಸು ಕನ್ನಡ, ಮಲಯಾಳ ಎರಡರಲ್ಲೂ. ಮಾತು ಹೇಗೂ ತುಳುವಿಗೇ ಬರುತ್ತದೆ. ಅವಲಕ್ಕಿ, ಚಾ ನಮ್ಮ ಮನೆಯಿಂದ.

ಮಳೆ ಬಂದರೆ ಅಂಗನವಾಡಿ ಜಗಲಿ. ಗೇಟಿನ ಕೀ ಯಾರ ಹತ್ತಿರ ಇದೆ ಅಂತ ಇನ್ನೂ ಕೇಳಬೇಕು.