ಐರಿಷ್ ಎಲ್ಲಿ ಕೇಳಿಸುತ್ತದೆ?

ನಾನು ಐರ್ಲೆಂಡಿನಲ್ಲಿದ್ದೇನೆ ಎಂದು ಗೊತ್ತಾದವರೆಲ್ಲ ಕೇಳುವ ಪ್ರಶ್ನೆ ಒಂದಿದೆ: "ಅಲ್ಲಿಯವರ ಸ್ವಂತ ಭಾಷೆಯನ್ನು ಈಗ ಯಾರಾದರೂ ಆಡುತ್ತಾರೆಯೇ, ಇಲ್ಲ ಎಲ್ಲವೂ ಇಂಗ್ಲಿಷೇ?"

ಆಡುತ್ತಾರೆ. ಐರಿಷ್ ಮನೆಮಾತಾಗಿರುವ ಪ್ರದೇಶಕ್ಕೆ ಗೇಲ್ಟಾಖ್ತ್ ಎನ್ನುತ್ತಾರೆ. ಅಂಥ ಪ್ರದೇಶಗಳು ಹೆಚ್ಚಾಗಿ ಪಶ್ಚಿಮ ಕಡಲ ತೀರದಲ್ಲಿವೆ. ಆದರೆ ನಾನು ಹೇಳುವುದು ಮಾತ್ರ ಪೂರ್ವದ ಮೀತ್ ಕೌಂಟಿಯಲ್ಲಿ, ಆತ್‌ಬಾಯ್ ಪಟ್ಟಣದ ಹತ್ತಿರವಿರುವ ರಾಥ್‌ಕಾರ್ನ್ ಎಂಬ ಪುಟ್ಟ ಊರನ್ನು. ಆ ಸೀಮೆಯಿಂದ ಐರಿಷ್ ಹೊರಟುಹೋಗಿ ಎಷ್ಟೋ ಕಾಲವಾಗಿತ್ತು. ಮತ್ತೆ ಬಂದದ್ದು 1935ರಲ್ಲಿ, 27 ಕುಟುಂಬಗಳ ಜೊತೆ.

ಆ ಕುಟುಂಬಗಳು ಬಂದದ್ದು ಪಶ್ಚಿಮದ ಕನ್ನೆಮಾರಾದಿಂದ. ಅಲ್ಲಿರುವುದು ಬಂಡೆ, ಜೌಗು, ಉಪ್ಪುಗಾಳಿ. ಕಡಲ ಪಾಚಿಯನ್ನು ಹೊತ್ತು ತಂದು ಬಂಡೆಗಳ ನಡುವೆ ಹರಡಿ, ಗೊಬ್ಬರ ಮಾಡಿ ಆಲೂಗಡ್ಡೆ ಬೆಳೆಯುತ್ತಿದ್ದ ಜನ ಅವರು. ಮೀತ್‌ನಲ್ಲಾದರೋ ಕಣ್ಣು ಹಾಯಿಸಿದಷ್ಟೂ ಹುಲ್ಲು. ದೊಡ್ಡ ಜಮೀನ್ದಾರರ ದನಗಳು ಮೇಯುತ್ತಿದ್ದ ಕೊಬ್ಬಿದ ನೆಲ. ಭಾಷೆ ಉಳಿದಿದ್ದ ಕಡೆ ಅನ್ನವಿರಲಿಲ್ಲ, ಅನ್ನವಿದ್ದ ಕಡೆ ಭಾಷೆ ಉಳಿದಿರಲಿಲ್ಲ. ಬ್ರಿಟಿಷರಿಂದ ಬಿಡುಗಡೆಯಾದ ದೇಶದ ಹೊಸ ಸರ್ಕಾರ ಐರಿಷ್ ಅನ್ನು ರಾಷ್ಟ್ರಭಾಷೆ ಎಂದು ಹೊಗಳುತ್ತಿತ್ತು, ಆದರೆ ಅದನ್ನು ಆಡುವವರು ಹಡಗು ಹತ್ತಿ ದೇಶ ಬಿಡುತ್ತಿದ್ದರು. ಶಾಲಾ ಶಿಕ್ಷಕರೂ ಲೇಖಕರೂ ಆಗಿದ್ದ ಮಾರ್ಟಿನ್ ಓ ಕಾಯ್ನ್ ಮತ್ತು ಸಂಗಡಿಗರು ಸಂಘ ಕಟ್ಟಿ ಕೇಳಿದ್ದು ಹೊಗಳಿಕೆಯನ್ನಲ್ಲ, ಭೂಮಿಯನ್ನು. ಕನ್ನೆಮಾರಾದಿಂದ ಡಬ್ಲಿನ್‌ವರೆಗೂ ಸೈಕಲ್ ತುಳಿದು ಹೋಗಿ ಸರ್ಕಾರದ ಮುಖ್ಯಸ್ಥ ಡಿ ವಲೇರಾ ಅವರ ಮುಂದೆ ಬೇಡಿಕೆ ಇಟ್ಟರು. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಆ ಸೈಕಲ್ ಪ್ರಯಾಣವೇ.

ಬೇಡಿಕೆ ಈಡೇರಿತು: ಸರ್ಕಾರದ ಭೂ ಆಯೋಗವು ರಾಥ್‌ಕಾರ್ನ್‌ನ ಎಸ್ಟೇಟನ್ನು ಅವರಿಗೆ ಹಂಚಿತು. ಕುಟುಂಬಕ್ಕೆ ಒಂದು ಮನೆ, ಸುಮಾರು 22 ಎಕರೆ. ಸ್ಥಳೀಯರು ಕೆರಳಿದರು. ಅವರಲ್ಲೂ ತುಂಡು ನೆಲವಿಲ್ಲದ ಕೂಲಿಗಳಿದ್ದರು. ಕಣ್ಣೆದುರಿನ ಭೂಮಿ ದೂರದಿಂದ ಬಂದವರ ಪಾಲಾದಾಗ ಹುಟ್ಟಿದ ಆ ಸಿಟ್ಟನ್ನು ನಾನು ತಪ್ಪೆನ್ನಲಾರೆ. ಬಂದವರಿಗೂ ಹಾದಿ ಹಗುರವಾಗಿರಲಿಲ್ಲ. ಪಶ್ಚಿಮದ ಹಳೆಯ ಹಾಡುಗಾರಿಕೆಯಲ್ಲಿ ಹೆಸರಾದ ಡಾರಖ್ ಓ ಕಹಾನ್ ಬಾಲಕನಾಗಿ ಇಲ್ಲಿಗೆ ಬಂದು ಬೆಳೆದವರು. ಮುಂದೆ ಅವರೂ ಇಂಗ್ಲೆಂಡಿನ ಲೀಡ್ಸ್‌ಗೆ ವಲಸೆ ಹೋದರು.

ಹಾಗಾದರೆ ಭಾಷೆ ಉಳಿದದ್ದು ಹೇಗೆ? ಉತ್ತರಕ್ಕೆ ಹತ್ತಿರದ ಗಿಬ್ಸ್‌ಟೌನ್ ನೋಡಬೇಕು. 1937ರಲ್ಲಿ ಅಲ್ಲಿಯೂ ಇದೇ ಬಗೆಯ ವಸತಿ ಆಯಿತು. ಆದರೆ ಅಲ್ಲಿಗೆ ಬಂದವರು ಬೇರೆ ಬೇರೆ ಕೌಂಟಿಗಳವರು. ಒಬ್ಬರ ಐರಿಷ್ ಇನ್ನೊಬ್ಬರ ಕಿವಿಗೆ ಒರಟಾಗಿ ಕೇಳಿಸುತ್ತಿತ್ತು, ನಡುವೆ ಇಂಗ್ಲಿಷ್ ಸುಲಭವಾಗಿ ನುಸುಳಿತು. ರಾಥ್‌ಕಾರ್ನ್‌ಗೆ ಬಂದವರು ಬಹುಮಟ್ಟಿಗೆ ಒಂದೇ ಸೀಮೆಯವರು, ಒಂದೇ ಉಚ್ಚಾರದವರು. ಹಳೆಯ ನೆರೆಹೊರೆಯೇ ಎದ್ದು ಬಂದು ಹೊಸ ಬಯಲಿನಲ್ಲಿ ಕುಳಿತ ಹಾಗಾಯಿತು. ಬೇಲಿಯ ಆಚೆಯವರನ್ನು ಕೂಗಿ ಕರೆಯಲು ಬೇರೆ ಭಾಷೆ ಬೇಕಾಗಲಿಲ್ಲ.

ಆದರೂ ಸರ್ಕಾರ ಈ ಊರನ್ನು ಅಧಿಕೃತವಾಗಿ ಗೇಲ್ಟಾಖ್ತ್ ಎಂದು ಒಪ್ಪಿದ್ದು 1967ರಲ್ಲಿ, ಅದೂ ಊರವರು ಹೋರಾಡಿದ ಮೇಲೆ. ತಾನೇ ಕರೆತಂದು ನೆಲೆಗೊಳಿಸಿದವರನ್ನು 32 ವರ್ಷ ಕಾಯಿಸಿದ್ದು ನನಗೆ ಇಂದಿಗೂ ಅನ್ಯಾಯವೆಂದೇ ಅನ್ನಿಸುತ್ತದೆ. 1973ರಲ್ಲಿ ಊರವರು ಸಹಕಾರ ಸಂಘ ಕಟ್ಟಿಕೊಂಡರು. ಇಂದು ಅಲ್ಲಿನ ಮಕ್ಕಳು ಪ್ರಾಥಮಿಕ ಶಾಲೆಯನ್ನೂ ಪ್ರೌಢಶಾಲೆಯನ್ನೂ ಐರಿಷ್‌ನಲ್ಲೇ ಓದಬಹುದು.

ಕೇಳಿದವರಿಗೆ ನಾನು ದಾರಿಯನ್ನೂ ಹೇಳುತ್ತೇನೆ: ಡಬ್ಲಿನ್‌ನಿಂದ ಆತ್‌ಬಾಯ್‌ಗೆ ಬಸ್ ಇದೆ, ಅಲ್ಲಿಂದ ಸ್ವಲ್ಪವೇ ದೂರ. ಯಾರಾದರೂ ಎದುರಾದರೆ "ದಿಯಾ ಘಿಚ್" ಎನ್ನಿ. ದೇವರು ನಿಮ್ಮೊಂದಿಗಿರಲಿ ಎಂದರ್ಥ. ಅವರು ಮೇರಿ ಮಾತೆಯನ್ನೂ ಸೇರಿಸಿ ಹಾರೈಕೆಯನ್ನು ಹಿಂದಿರುಗಿಸುತ್ತಾರೆ. ಆ ಉತ್ತರದಲ್ಲಿ ಇನ್ನೂ ಕನ್ನೆಮಾರಾದ ಉಚ್ಚಾರವಿರುತ್ತದೆ.