ನಡುವೆ ಬಂದ ಶಟಲ್

ಮಂಗಳವಾರ ಸಂಜೆ ತಗಡಿನ ಶೆಡ್ಡಿನ ಆ ಕೋರ್ಟು ನಮ್ಮ ಗುಂಪಿನದು. ಹನ್ನೊಂದು ವರ್ಷ ನಾನೂ ನನ್ನ ಪಾರ್ಟ್ನರೂ ಅಲ್ಲೇ ಬ್ಯಾಡ್ಮಿಂಟನ್ ಡಬಲ್ಸ್ ಆಡಿದೆವು. ಆಮೇಲೆ ಅವಳ ಮಂಡಿ ಕೈಕೊಟ್ಟಿತು. ಹಾಗಾಗಿ 2024ರ ಜುಲೈ 30ರಂದು ನನ್ನ ಜೊತೆ ಇಳಿದದ್ದು ಎದುರು ಮನೆಯ ಹುಡುಗಿ. ಇಂಜಿನಿಯರಿಂಗ್ ಓದುತ್ತಾಳೆ. ಕೈ ಚುರುಕು, ಕಾಲು ಇನ್ನೂ ಚುರುಕು. ನನಗೆ ನಲವತ್ತಾರು.

ಮೂರನೇ ಪಾಯಿಂಟಿಗೇ ಠಣ್ ಅಂತ ರ‍್ಯಾಕೆಟ್ಟಿಗೆ ರ‍್ಯಾಕೆಟ್ ಬಡಿಯಿತು. ಶಟಲ್ ಸರಿಯಾಗಿ ಇಬ್ಬರ ನಡುವೆ ಬಂದಿತ್ತು. ನಂದು ಅಂತ ನಾನಂದುಕೊಂಡೆ, ನಂದು ಅಂತ ಅವಳು. ಬಾಯಿ ಬಿಟ್ಟು ಯಾರೂ ಹೇಳಲಿಲ್ಲ. ಮುಂದಿನ ಸಲ ಅಂಥದ್ದೇ ಬಂದಾಗ ಇಬ್ಬರೂ ಬಿಟ್ಟೆವು. ಶಟಲ್ ನಮ್ಮ ಕಾಲ ಬಳಿ ಬಿತ್ತು. "ಸಾರಿ ಆಂಟಿ," ಅಂದಳು. ನನ್ನ ರ‍್ಯಾಕೆಟ್ಟಿನ ತಲೆಯಲ್ಲಿ ಅಕ್ಕಿಕಾಳಿನಷ್ಟು ಬಣ್ಣ ಎದ್ದಿತ್ತು.

ಹಳೆಯವಳ ಜೊತೆ ಈ ರಗಳೆಯೇ ಇರಲಿಲ್ಲ. ಅವಳು ಉಸಿರೆಳೆದ ಸದ್ದಿಗೇ ನಾನು ಪಕ್ಕಕ್ಕೆ ಸರಿಯುತ್ತಿದ್ದೆ. 21-9ಕ್ಕೆ ಸೋತು ಬೆಂಚಿಗೆ ಬಂದೆವು.

ಕೋರ್ಟು ಉಳಿದವರಿಗೆ ಬಿಟ್ಟು ಮೊಬೈಲಿನಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ಹಾಕಿದೆ. ಅವತ್ತು ಎಲ್ಲರ ಬಾಯಲ್ಲೂ ಮನು ಭಾಕರ್. ಮಧ್ಯಾಹ್ನವಷ್ಟೇ ಸರಬ್ಜೋತ್ ಸಿಂಗ್ ಜೊತೆ ಶೂಟಿಂಗ್‌ನಲ್ಲಿ ಎರಡನೇ ಕಂಚು ಗೆದ್ದಿದ್ದಳು. ನಾನು ಹಾಕಿದ್ದು ಮಾತ್ರ ಅಶ್ವಿನಿ ಪೊನ್ನಪ್ಪಗೋಸ್ಕರ. ಅಶ್ವಿನಿ, ತನಿಷಾ ಕ್ರಾಸ್ಟೊ ಜೋಡಿ ಗುಂಪು ಹಂತದ ಮೊದಲೆರಡು ಪಂದ್ಯ ಸೋತು ಹೊರಬಿದ್ದಾಗಿತ್ತು. ಆಸ್ಟ್ರೇಲಿಯಾದವರ ಮೇಲೆ ಇದು ಸುಮ್ನೆ ಲೆಕ್ಕ ಮುಗಿಸುವ ಆಟ.

"ಯಾರು ಆಂಟಿ ಇವರು?" ಅಂದಳು ಹುಡುಗಿ. ನನಗೆ ಸ್ವಲ್ಪ ಸಿಟ್ಟೇ ಬಂತು. ಕೊಡಗಿನ ಮನೆತನ ಕಣೇ, ನಮ್ಮ ಬೆಂಗಳೂರಲ್ಲೇ ಬೆಳೆದವಳು ಅಂತ ಶುರು ಮಾಡಿದೆ. 2010ರಲ್ಲಿ ದೆಹಲಿ ಕಾಮನ್‌ವೆಲ್ತ್‌ನಲ್ಲಿ ಜ್ವಾಲಾ ಗುಟ್ಟಾ ಜೊತೆ ಚಿನ್ನ. ಮರುವರ್ಷ ಲಂಡನ್ನಿನಲ್ಲಿ ವಿಶ್ವ ಚಾಂಪಿಯನ್‌ಶಿಪ್ ಕಂಚು. 1983ರಲ್ಲಿ ನಮ್ಮ ಪ್ರಕಾಶ್ ಪಡುಕೋಣೆ ತಂದಮೇಲೆ ಅಲ್ಲಿ ಭಾರತಕ್ಕೆ ಸಿಕ್ಕ ಮೊದಲ ಪದಕ ಅದು. 2012ರ ಒಲಿಂಪಿಕ್ಸ್‌ನಲ್ಲಿ ಮೂರಕ್ಕೆ ಎರಡು ಗೆದ್ದರೂ ಮುಂದಕ್ಕೆ ಹೋಗಲಿಲ್ಲ, ಒಂದೇ ಒಂದು ಪಾಯಿಂಟ್ ಕಮ್ಮಿ! ಅದನ್ನು ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಜ್ವಾಲಾ ನಂತರ ಸಿಕ್ಕಿ ರೆಡ್ಡಿ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕಂಚು ಅವಳ ಜೊತೆ. ಆಮೇಲೆ ತನಿಷಾ. ಅಶ್ವಿನಿ ದೆಹಲಿಯಲ್ಲಿ ಚಿನ್ನ ಗೆದ್ದಾಗ ತನಿಷಾಗೆ ಏಳು ವರ್ಷ. ಸಿಂಗಲ್ಸ್ ಆಡುವವರಿಗೆ ಈ ಕಷ್ಟವಿಲ್ಲ ಅಲ್ವಾ? ಡಬಲ್ಸ್‌ನಲ್ಲಿ ಜೋಡಿ ಬದಲಾದರೆ ನಡುವೆ ಬಂದ ಶಟಲ್ ಯಾರದ್ದು ಅನ್ನುವುದರಿಂದಲೇ ಮತ್ತೆ ಶುರು. ಮೂವತ್ತು ದಾಟಿದ ಮೇಲೂ ಅದನ್ನು ಮಾಡಿದಳಲ್ಲ, ನನಗೆ ಪದಕಕ್ಕಿಂತ ಅದೇ ಜಾಸ್ತಿ ಅನ್ನಿಸಿತು.

15-21, 10-21. ಇದನ್ನೂ ಸೋತರು. ಇದೇ ನನ್ನ ಕೊನೆಯ ಒಲಿಂಪಿಕ್ಸ್ ಅಂತ ಅಶ್ವಿನಿ ಹೇಳಿದ್ದು ಆಮೇಲೆ ಸುದ್ದಿಯಲ್ಲಿ ಬಂತು. ಹೇಳುವಾಗ ಅತ್ತಳಂತೆ.

ಮೊಬೈಲ್ ಬ್ಯಾಗಿಗೆ ಹಾಕುವಷ್ಟರಲ್ಲಿ ಹುಡುಗಿ ಎದ್ದು ನಿಂತಿದ್ದಳು. "ಆಂಟಿ, ನಡುವೆ ಬಂದದ್ದನ್ನು ಎಡಗಡೆ ನಿಂತವರು ತಗೊಳ್ಳೋಣ್ವಾ? ಬಲಗೈಗೆ ಫೋರ್‌ಹ್ಯಾಂಡ್ ಸಿಗತ್ತೆ."

ಸರಿ ಅಂದೆ. ಎರಡನೇ ಪಾಯಿಂಟಿಗೇ ಬಂತು. ಎಡಗಡೆ ನಾನಿದ್ದೆ. "ನಂದು!" ಅಂತ ಪಕ್ಕದ ಕೋರ್ಟಿನವರು ತಿರುಗಿ ನೋಡುವ ಹಾಗೆ ಕಿರುಚಿದೆ. ಅವಳು ಪಟ್ಟನೆ ಸರಿದು ಜಾಗ ಬಿಟ್ಟಳು. ಹೊಡೆದೆ. ನೆಟ್ಟಿಗೆ ಹೋಯಿತು.