ಶಿಶಿಲದ ದೇವರ ಮೀನು

ಧರ್ಮಸ್ಥಳದಲ್ಲಿ ದರ್ಶನ ಮುಗಿದ ಮೇಲೆ ಅಮ್ಮ ಶಿಶಿಲಕ್ಕೂ ಹೋಗ್ಲೇಬೇಕು ಅಂತ ಹಠ ಹಿಡಿದ್ಲು. ಚಿಕ್ಕವಳಿದ್ದಾಗ ಅವಳ ಕೈಮೇಲೆ ಏನೋ ಚರ್ಮದ ಕಾಯಿಲೆ ಆಗಿತ್ತಂತೆ, ವಾಸಿ ಆದ್ರೆ ಮೀನಿಗೆ ಅಕ್ಕಿ ಹಾಕಿಸ್ತೀನಿ ಅಂತ ಅಜ್ಜಿ ಹರಕೆ ಹೊತ್ತಿದ್ರಂತೆ, ವಾಸಿ ಆಯ್ತು, ಹರಕೆ ಮಾತ್ರ ಹಾಗೇ ಉಳಿದಿತ್ತು.

ಶಿಶಿಲೇಶ್ವರ ದೇವಸ್ಥಾನ ಇರೋದು ಕಪಿಲಾ ನದಿ ದಡದಲ್ಲೇ, ಸುತ್ತ ಪಶ್ಚಿಮಘಟ್ಟದ ಕಾಡು. ಮೆಟ್ಟಿಲಿಳಿದು ಅಮ್ಮ ಒಂದು ಹಿಡಿ ಅಕ್ಕಿ ಹಾಕಿದ್ಲು ನೋಡಿ, ಅಷ್ಟೊತ್ತು ಕಲ್ಲಿನ ನೆರಳು ಅಂದ್ಕೊಂಡಿದ್ದೆಲ್ಲ ಎದ್ದು ಬಂತು! ಮೊಳದುದ್ದದ ಮಹಶೀರ್ ಮೀನುಗಳು, ಒಂದರ ಬೆನ್ನ ಮೇಲೆ ಇನ್ನೊಂದು, ದಪ್ಪ ತುಟಿ ಮಾತ್ರ ನೀರಿಂದ ಹೊರಗೆ, ಚಪ್ ಚಪ್ ಅಂತ ಸದ್ದು. ಅಮ್ಮ ಕೈ ನೀರಲ್ಲಿಟ್ಟಾಗ ಒಂದು ಬಂದು ಬೆರಳನ್ನೇ ಚೀಪಿತು, ಅವಳ ಕಣ್ಣು ತುಂಬಿಬಿಡ್ತು.

ಇವನ್ನ ಇಲ್ಲಿ ಯಾರೂ ಹಿಡಿಯಲ್ಲ, ಯಾಕಂದ್ರೆ ಇವು ದೇವರವು, ಅಷ್ಟೇ. ಆದ್ರೂ 1996ರಲ್ಲಿ ಯಾರೋ ಕಿಡಿಗೇಡಿಗಳು ನೀರಿಗೆ ವಿಷ ಹಾಕಿ ರಾಶಿ ರಾಶಿ ಮೀನು ಸತ್ತುಹೋದ್ವು. ಅವುಗಳ ನೆನಪಿಗೆ ಊರವರು ಸ್ಮಾರಕ ಕಟ್ಟಿದಾರೆ. ಮೀನಿಗೆ ಸ್ಮಾರಕ! ಮನೆಯವರು ಹೋದಂಗೆ ದುಃಖ ಪಟ್ಟಿರದಿದ್ರೆ ಇಂಥದ್ದು ಯಾರು ಕಟ್ತಾರೆ ಹೇಳಿ.

ಪಕ್ಕದಲ್ಲಿ ಒಬ್ಬರು ಬ್ರೆಡ್ ಪ್ಯಾಕೆಟ್ ಬಿಚ್ತಿದ್ರು. ಅಲ್ಲಿನ ಹಿರಿಯರೊಬ್ಬರು "ಬ್ರೆಡ್ಡೆಲ್ಲ ಬೇಡ ಮಾರಾಯ್ರೆ, ಅಕ್ಕಿ ಉಂಟಲ್ಲ, ಸಾಕು. ಪ್ಲಾಸ್ಟಿಕ್ ನೀರಿಗೆ ಬಿಡ್ಬೇಡಿ ಆಯ್ತಾ" ಅಂದ್ರು. ಅವರ ಜೊತೆ ಸ್ವಲ್ಪ ಹೊತ್ತು ಕೂತೆ. ಬೇಸಿಗೆಲಿ ನೀರು ಇಳಿದಾಗ ಮೀನೆಲ್ಲ ಗುಂಡಿಗಳಲ್ಲಿ ಬಂದು ಸೇರ್ತಾವಂತೆ, ಬೇರೆ ಕಡೆ ಆದ್ರೆ ಆಗ್ಲೇ ತೋಟೆ, ಅಂದ್ರೆ ಸಿಡಿಮದ್ದು ಹಾಕಿ, ಬ್ಲೀಚಿಂಗ್ ಪೌಡರ್ ಹಾಕಿ ಒಂದೇ ಏಟಿಗೆ ಮುಗಿಸ್ತಾರೆ. ಇಲ್ಲಿ ದೇವರ ಗುಂಡಿ ಕಾಪಾಡುತ್ತೆ. ಆದ್ರೆ ಮಹಶೀರ್ ಒಂದೇ ಕಡೆ ಇರೋ ಮೀನಲ್ಲ, ಮಳೆ ಬಂದು ನದಿ ಏರಿದಾಗ ಮೊಟ್ಟೆ ಇಡೋಕೆ ಮೇಲೆ ಹೋಗುತ್ತೆ, ಅದಕ್ಕೆ ತಿಳಿ ನೀರು ಬೇಕು, ಹರಿಯೋ ನೀರು ಬೇಕು. ದೇವಸ್ಥಾನದ ಮೆಟ್ಟಿಲ ಹತ್ರ ಕೈಮುಗಿದ ನಾವೇ ಮೇಲಿನ ಹೊಳೆ ಕಟ್ಟಿ, ಮರಳು ತೆಗೆದು, ಕೆಳಗೆ ಕಸ ಸುರಿದ್ರೆ ಆ ಭಕ್ತಿ ಯಾವ ಲೆಕ್ಕಕ್ಕೆ ಅಂತ ನಂಗೆ ತುಂಬಾ ಸಂಕಟ ಆಯ್ತು.

ವಾಪಸ್ ಬರೋವಾಗ ಅಮ್ಮ ದಡದಲ್ಲೇ ಸ್ವಲ್ಪ ಕೆಳಗೆ ನಡೆದ್ಲು, ದೇವಸ್ಥಾನ ಮರೆಯಾಗೋವರೆಗೂ. ಕಲ್ಲಿಗೆ ಸಿಕ್ಕಿಕೊಂಡಿದ್ದ ಎರಡು ಕವರ್ ಎತ್ತಿ, ಕೊಡವಿ, ಮಡಚಿ ಬ್ಯಾಗಿಗೆ ಹಾಕ್ಕೊಂಡ್ಲು. ಸೆರಗಲ್ಲಿ ಒಂದು ಹಿಡಿ ಅಕ್ಕಿ ಉಳಿಸ್ಕೊಂಡಿದ್ಲು, ಅದನ್ನ ಅಲ್ಲಿ ಹಾಕಿದ್ಲು. ಏನೂ ಬರ್ಲಿಲ್ಲ. "ಇಲ್ಲಿರೋವು ದೇವರ ಮೀನಲ್ವೇನೋ?" ಅಂತ ಕೇಳಿದ್ಲು. ಬಸ್ಸಿಗೆ ಹೊತ್ತಾಗಿತ್ತು, ಆದ್ರೂ ಇಬ್ರೂ ಕಾಯ್ತಾ ನಿಂತ್ವಿ.